ಐದನೇ ಬಣ್ಣ

ನನ್ನ ಬಗ್ಗೆ ಆ ಆ್ಯಪ್ ಆಡಿದ ಮೊದಲ ಮಾತೇ ಸುಳ್ಳು. "ನಿಮ್ಮ ಚರ್ಮಕ್ಕೆ ಬಿಸಿಲಿನಿಂದ ಆಗುವ ಅಪಾಯ ಕಡಿಮೆ" ಎಂದು ಫೋನಿನ ಗಾಜಿನ ಮೇಲೆ ಬರೆದು, ಪಕ್ಕದಲ್ಲೊಂದು ಹಸಿರು ಎಲೆಯನ್ನೂ ಮೂಡಿಸಿತ್ತು. ನನಗೆ ದೃಷ್ಟಿ ಮಂದ, ಏನೇ ಓದಬೇಕಾದರೂ ಫೋನನ್ನು ಮೂಗಿಗೆ ತಾಗಿಸಿಯೇ ಓದುವುದು. ಹಾಗೆ ಎರಡು ಸಲ ಓದಿ, ಶೆಡ್ಡಿನಲ್ಲಿ ಕುಳಿತಿದ್ದ ಹೆಂಗಸರೆಲ್ಲ ತಿರುಗಿ ನೋಡುವಂತೆ ಗಟ್ಟಿಯಾಗಿ ನಕ್ಕೆ. ನಗದೆ ಇನ್ನೇನು ಮಾಡಲಿ, ಬಿಸಿಲಿನ ಜೊತೆ ಜಗಳ ಆಡುತ್ತಲೇ ದೊಡ್ಡವಳಾದ ಹೆಂಗಸು ನಾನು.

ನಾನು ಹುಟ್ಟಿನಿಂದ ಬಿಳಿ. ಬೆಳ್ಳಗಿದ್ದೇನೆಂದು ಜಂಬ ಕೊಚ್ಚಿಕೊಳ್ಳುತ್ತಿಲ್ಲ. ಕೂದಲು, ಹುಬ್ಬು, ಕಣ್ಣರೆಪ್ಪೆ ಎಲ್ಲವೂ ಬಿಳಿ. ಮೈಗೆ ಬಣ್ಣ ಕೊಡುವ ಅಂಶವೇ ಇಲ್ಲದೆ ಹುಟ್ಟಿದ್ದೇನೆ. ಅಥಣಿಗೂ ಕಾಗವಾಡಕ್ಕೂ ನಡುವೆ, ಕಬ್ಬು, ದ್ರಾಕ್ಷಿ ಬೆಳೆಯುವ ನಮ್ಮ ಮನೆಯಲ್ಲಿ ಅಪ್ಪ, ಅವ್ವ, ಅಣ್ಣ ಎಲ್ಲರೂ ಕಪ್ಪು. ನನ್ನನ್ನು ಊರವರು ಫಾರಿನ್ ಎಂದರು, ಬಿಳಿ ಹೆಣ್ಣೆಂದು ಮರಾಠಿಯಲ್ಲಿ ಗೋರಿ ಎಂದರು, ಹಿಂದಿನಿಂದ ತೊನ್ನಿನಾಕಿ ಎಂದರು. ತೊನ್ನು ಬೇರೆ, ಇದು ಬೇರೆ ಎಂದು ಹೇಳಿ ಹೇಳಿ ನನ್ನ ಬಾಯಿ ನೊಂದಿದೆ. ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ಅಂಗಳದಿಂದಲೇ ಹಿಂದಕ್ಕೆ ಹೋಯಿತು. ಅದರಿಂದ ನನಗೆ ಆದದ್ದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು. ಅಪ್ಪ ಅವ್ವ ಹೋದ ಮೇಲೆ ಅಣ್ಣ, ಅವನ ಹೆಂಡತಿ ವೈನಿಯ ಜೊತೆಯಲ್ಲೇ ಇದ್ದೇನೆ, ಒಣದ್ರಾಕ್ಷಿ ಶೆಡ್ಡಿನ ಉಸ್ತುವಾರಿ ಪೂರ್ತಿ ನನ್ನದು.

ಒಣದ್ರಾಕ್ಷಿ ಎಂದರೆ ಬಿಸಿಲಿನಲ್ಲಿ ಒಣಗಿಸಿದ್ದು ಎಂದು ಪೇಟೆಯವರು ತಿಳಿದಿರುತ್ತಾರೆ. ನಮ್ಮಲ್ಲಿ ಹಾಗಲ್ಲ. ಬಿಸಿಲು ತಾಗಿದರೆ ಕಾಯಿ ಕಪ್ಪಾಗುತ್ತದೆ, ಕಪ್ಪಾದದ್ದನ್ನು ಯಾರೂ ಮೂಸಿ ನೋಡುವುದಿಲ್ಲ. ಅದಕ್ಕೇ ಶೆಡ್ಡಿನ ನಾಲ್ಕೂ ಕಡೆ ಹಸಿರು ನೆಟ್ ಇಳಿಬಿಟ್ಟು, ನೆರಳಿನಲ್ಲಿ ಬರೀ ಗಾಳಿಗೆ ಒಣಗಿಸುತ್ತೇವೆ. ದ್ರಾಕ್ಷಿಗೂ ನನಗೂ ಒಂದೇ ಪಥ್ಯ. ಈ ಕೆಲಸ ನನಗೆ ಒಗ್ಗಿದ್ದೂ ಅದಕ್ಕೇ.

ಆದರೆ ಆ ವರ್ಷ ನನ್ನ ಎಡಗಿವಿಯ ಕೆಳಗೊಂದು ಹುಣ್ಣಾಗಿತ್ತು. ದಸರೆಯ ಹೊತ್ತಿಗೆ ಜೋಳದ ಕಾಳಿನಷ್ಟು ಒರಟಾಗಿ ಎದ್ದಿತು. ಕೆರೆದರೆ ಹಕ್ಕಳೆ ಕಿತ್ತು ಬಂದು ಚೂರು ರಕ್ತ ಜಿನುಗುತ್ತಿತ್ತು, ಒಂದು ವಾರ ಬಿಟ್ಟು ಮತ್ತೆ ಹಕ್ಕಳೆ ಕಟ್ಟುತ್ತಿತ್ತು. ತಲೆಗೆ ಎಷ್ಟೇ ಬಿಗಿಯಾಗಿ ವಸ್ತ್ರ ಸುತ್ತಿಕೊಂಡರೂ ಆ ಒಂದು ಜಾಗ ಹೊರಗೇ ಉಳಿಯುತ್ತಿತ್ತು. ಅರಿಶಿನ ಹಚ್ಚಿದೆ, ಮನೆಯಲ್ಲಿದ್ದ ಮುಲಾಮು ಹಚ್ಚಿದೆ, ಯಾರಿಗೂ ಹೇಳಲಿಲ್ಲ. ನನ್ನ ಅವ್ವನ ಸೋದರಮಾವನೊಬ್ಬ ನನ್ನ ಹಾಗೆಯೇ ಬಿಳಿ ಹುಟ್ಟಿದವನು, ಮುಗಳಖೋಡದ ಕಡೆ ಕುರಿ ಕಾಯುತ್ತಿದ್ದ. ಕುತ್ತಿಗೆಯ ಮೇಲೆ ಹೀಗೇ ಒಂದು ಹುಣ್ಣಾಗಿ, ಅದು ದೊಡ್ಡದಾಗಿ, ಅದರಿಂದಲೇ ಹೋದ ಎಂದು ಅವ್ವ ಹೇಳಿದ್ದಳು. ಆ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತ್ತು. ನನಗೆ ಸಾಯುವ ಹೆದರಿಕೆ ಇತ್ತು, ಅದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಸಂಕ್ರಾಂತಿ ಕಳೆದ ವಾರ ಚಿಕ್ಕೋಡಿ ಕಡೆಯ ಒಂದು ಕಾಲೇಜಿನಿಂದ ಹುಡುಗಿಯೊಬ್ಬಳು ತೋಟಕ್ಕೆ ಬಂದಳು. ಬಿಸಿಲಿನಿಂದ ಚರ್ಮ ಕಾಪಾಡಿಕೊಳ್ಳಲು, ಚರ್ಮದ ಕ್ಯಾನ್ಸರ್ ಬಾರದ ಹಾಗೆ ಎಚ್ಚರಿಸಲು ಒಂದು ಆ್ಯಪ್ ಮಾಡಿದ್ದಾರಂತೆ. ಅದು ಸರಿಯಿದೆಯೋ ಇಲ್ಲವೋ ಎಂದು ಹೊಲದಲ್ಲಿ ದುಡಿಯುವವರೇ ಬಳಸಿ ನೋಡಿ ಹೇಳಬೇಕಂತೆ. ಶಿರಗುಪ್ಪಿಯ ಕಬ್ಬಿನ ಹೊಲಗಳಲ್ಲಿ ಕೆಲವರು, ರಾಯಬಾಗದ ಕಡೆ ಕೆಲವರು, ನಮ್ಮ ದ್ರಾಕ್ಷಿ ತೋಟದಲ್ಲಿ ಹನ್ನೊಂದು ಹೆಂಗಸರು. ಇದು ದಿನಾ ಬಿಸಿಲಿನ ಚುರುಕನ್ನು ಹೇಳುತ್ತದೆ, ಮೈ ಮುಚ್ಚಿಕೊಳ್ಳಿ ಎಂದು ಗಂಟೆ ಬಾರಿಸುತ್ತದೆ, ಸಂಜೆ ನಾಲ್ಕು ಪ್ರಶ್ನೆ ಕೇಳುತ್ತದೆ, ಮೈಮೇಲಿನ ಕಲೆಯ ಫೋಟೋ ಕೊಟ್ಟರೆ ನೋಡಿ ಹೇಳುತ್ತದೆ. ನಾನು ನೆರಳಿನಲ್ಲಿ ಕೂರುವವಳೆಂದು ನನ್ನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಹನ್ನೊಂದು ಜನರಿಗೂ ದಿನಾ ಆ್ಯಪ್ ತುಂಬಿರೆಂದು ನೆನಪು ಮಾಡಲು ಒಬ್ಬರು ಬೇಕಲ್ಲ, ಆ ಜವಾಬ್ದಾರಿ ನನ್ನದು ಎಂದು ಹೇಳಿ ನಾನೇ ಪಟ್ಟಿಯೊಳಗೆ ನುಗ್ಗಿದೆ. ನನ್ನ ಮನಸ್ಸಿನಲ್ಲಿದ್ದದ್ದು ಕಿವಿಯ ಕೆಳಗಿನ ಆ ಜಾಗ.

ಆ್ಯಪ್ ತೆರೆದರೆ ಚರ್ಮದ ಆರು ಬಣ್ಣಗಳಿರುತ್ತವೆ, ಬೆಳ್ಳಗಿನಿಂದ ಕಡುಗಪ್ಪಿನವರೆಗೆ. ನಮ್ಮ ಬಣ್ಣ ನಾವೇ ಆರಿಸಬೇಕು. ನನ್ನ ಫೋನಿನಲ್ಲಿ ಆಗಲೇ ಐದನೆಯದು ಆರಿಸಿ ಆಗಿತ್ತು. ಅದನ್ನೇ ಹಿಡಿದುಕೊಂಡು ಹೊರಟು ಅಪಾಯ ಕಡಿಮೆ ಎಂದು ಹೇಳಿತ್ತು.

"ಏನವ್ವಾ, ನಾ ಐದನೇ ಬಣ್ಣದಾಕಿ ಕಾಣತೀನೇನ?" ಎಂದು ಹುಡುಗಿಯನ್ನು ಕೇಳಿದೆ.

ಅವಳು ತಲೆ ಎತ್ತಿ ನನ್ನ ಮುಖ ನೋಡಿ ಕೆಂಪಾದಳು. "ಅಕ್ಕಾರ, ವ್ಯಾಳ್ಯಾ ಉಳಿಲಿ ಅಂತ ಮ್ಯಾಲಿನವ್ರು ಈ ಭಾಗದವ್ರಿಗೆಲ್ಲಾ ಐದ ಇಟ್ಟಾರ್ರಿ. ನಮಗ ಬದಲಿ ಮಾಡಾಕ ಬರೂದಿಲ್ಲ. ಬರಕೊಂಡು ಹೋಗಿ ಹೇಳತೀನ್ರಿ."

"ಬರ್ಕೋ ಮತ್ತ. ದೊಡ್ಡ ಅಕ್ಷರದಾಗ ಬರ್ಕೋ," ಎಂದೆ.

ಅವಳು ಬರೆದುಕೊಂಡಳು. ಕಾಲೇಜಿನಲ್ಲಿ ಯಾರೂ ಅದನ್ನು ಓದಲಿಲ್ಲ.

ಆ್ಯಪಿನ ರಾಮಾಯಣ ಮೊದಲ ದಿನದಿಂದಲೇ ಶುರುವಾಯಿತು. ನಮ್ಮ ತೋಟದ ಅರ್ಧಕ್ಕೆ ಮಹಾರಾಷ್ಟ್ರದ ಟವರ್ ಸಿಗುವುದರಿಂದ ಆರು ಜನರ ಫೋನಿನಲ್ಲಿ ಅದು ಮರಾಠಿ ಮಾತಾಡಿತು, ಐವರಲ್ಲಿ ಕನ್ನಡ. ಅದರಿಂದ ಯಾರಿಗೂ ತೊಂದರೆ ಆಗಲಿಲ್ಲ, ನಮಗೆ ಎರಡೂ ಮನೆಮಾತೇ. ತೊಂದರೆ ಬಂದದ್ದು ಕ್ರೀಮಿನಿಂದ. ಮುಖಕ್ಕೂ ಕೈಗೂ ಹಚ್ಚಿಕೊಳ್ಳಿ ಎಂದು ಎಲ್ಲರಿಗೂ ಒಂದೊಂದು ಟ್ಯೂಬ್ ಕೊಟ್ಟಿದ್ದರು. ಹಸಿಯಾಗಿಯೇ ಪೇಟೆಗೆ ಹೋಗುವ ದ್ರಾಕ್ಷಿ ಗೊನೆಯ ಮೇಲೆ ಬೂದಿಯಂಥ ತೆಳುವಾದ ಪುಡಿ ಇರುತ್ತದೆ, ಅದಿದ್ದರೇ ಹಣ್ಣು ತಾಜಾ ಎಂದು ವ್ಯಾಪಾರಿ ನಂಬುವುದು. ಜಿಡ್ಡಿನ ಕೈ ತಾಗಿದರೆ ಅದು ಅಳಿಸಿಹೋಗುತ್ತದೆ. ಹೆಂಗಸರು ಕೈಗೆ ಕ್ರೀಮ್ ಸವರಿ ಗೊನೆ ಕತ್ತರಿಸಲು ಹೋದದ್ದನ್ನು ಕಂಡು ಅಣ್ಣ ಹೌಹಾರಿದ. "ಆ ಫೋನ್ ಬಾವಿಗೆ ಒಗೀರಿ, ಇಲ್ಲಾ ನನ್ನ ಒಗೀರಿ," ಎಂದು ಬದುವಿನ ಮೇಲೆ ನಿಂತು ಕೂಗಾಡಿದ. ಕಡೆಗೆ ನಾನೇ ರಾಜಿ ಮಾಡಿಸಿದೆ. ಕ್ರೀಮ್ ಮುಖಕ್ಕೆ ಮಾತ್ರ, ಕೈಗೆ ಹಳೇ ಸಾಕ್ಸಿನ ತುದಿ ಕತ್ತರಿಸಿ ಏರಿಸಿಕೊಳ್ಳುವುದು. ಅದನ್ನೂ ಬರೆದುಕೋ ಎಂದು ಹುಡುಗಿಗೆ ಹೇಳಿದೆ. ಆ್ಯಪಿನಲ್ಲಿ ಬಿಳಿಯ ಮೇಲೆ ಹಳದಿ ಅಕ್ಷರಗಳಿದ್ದವು, ಬಿಸಿಲಿನಲ್ಲಿ ಒಳ್ಳೆ ಕಣ್ಣಿದ್ದವರಿಗೂ ಕಾಣುತ್ತಿರಲಿಲ್ಲ. ಬಿಸಿಲಿನ ಆ್ಯಪನ್ನು ಫ್ಯಾನಿನ ಕೆಳಗೆ ಕೂತು ಮಾಡಿದವರ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಬರೆಸಿದ ತಕರಾರಿಗೆ ಅವಳ ವಹಿಯ ಎರಡು ಪುಟ ಸಾಲಲಿಲ್ಲ.

ಮೂರನೇ ವಾರ ಧೈರ್ಯ ಮಾಡಿ, ಶೆಡ್ಡಿನ ಮೂಲೆಗೆ ಅವಳನ್ನು ಕರೆದು ತಲೆಯ ವಸ್ತ್ರ ಸರಿಸಿ ತೋರಿಸಿದೆ. ಅವಳು ಫೋಟೋ ತೆಗೆದಳು. ಎಷ್ಟು ದಿನದಿಂದ ಇದೆ, ನೋವಿದೆಯೇ, ಎಂದೆಲ್ಲ ಆ್ಯಪ್ ಕೇಳಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಗಿರಗಿರ ತಿರುಗಿ, "ಸದ್ಯಕ್ಕೆ ಚಿಂತೆ ಬೇಡ, ಮೂರು ತಿಂಗಳ ನಂತರ ಮತ್ತೆ ಫೋಟೋ ತೆಗೆಯಿರಿ" ಎಂದು ಹಸಿರು ಎಲೆ ತೋರಿಸಿತು.

"ನೋಡ್ರಿ ಅಕ್ಕಾರ, ಹಸಿರು ಬಂತು," ಎಂದು ಹುಡುಗಿಯೂ ಹಗುರಾದಳು.

ಇಲ್ಲಿ ನನ್ನ ದಡ್ಡತನವನ್ನು ಒಪ್ಪಿಕೊಳ್ಳಬೇಕು. ನನ್ನ ಬಣ್ಣದ ವಿಷಯದಲ್ಲಿ ಸುಳ್ಳು ಹೇಳಿದ ಆ್ಯಪನ್ನೇ ಹುಣ್ಣಿನ ವಿಷಯದಲ್ಲಿ ಕಣ್ಣು ಮುಚ್ಚಿ ನಂಬಿದೆ. ನಂಬಬೇಕೆಂದು ಆಸೆಯಿತ್ತು, ನಂಬಿದೆ. ಅವತ್ತು ಎರಡು ರೊಟ್ಟಿ ಹೆಚ್ಚು ತಿಂದೆ. ವೈನಿ ಏನು ವಿಶೇಷ ಎಂದು ಕೇಳಿದರೆ ಝುಣಕ ಚಲೋ ಆಗೈತಿ ಎಂದೆ.

ನನ್ನ ಕಣ್ಣು ತೆರೆಸಿದ್ದು ಅಂಗಿಗಳು. ಫೋಟೋ ತೆಗೆದ ಮರುವಾರ ಹುಡುಗಿ ಕಾಗದಗಳನ್ನು ಹಿಡಿದು ಮುಖ ಸಪ್ಪಗೆ ಮಾಡಿಕೊಂಡು ಬಂದಳು.

"ನಿಮ್ಮ ತೋಟದವ್ರು ಎಲ್ಲಾರಕಿಂತ ಹಿಂದ ಉಳದಾರ್ರಿ ಅಕ್ಕಾರ. ಒಬ್ಬಾಕಿನೂ ತುಂಬು ತೋಳಿನ ಬಟ್ಟಿ ಹಾಕೂದಿಲ್ಲ ಅಂತ ಬಂದೈತಿ. ಹನ್ನೊಂದಕ್ಕ ಹನ್ನೊಂದೂ ಇಲ್ಲ."

"ಕಣ್ಣ ಮಂದ ಇರೂದು ನಂದು, ನಿಂದಲ್ಲ. ಹೊರಗ ನೋಡು," ಎಂದೆ.

ಹೊರಗೆ ಬಳ್ಳಿಯ ಸಾಲಿನಲ್ಲಿ ಹನ್ನೊಂದು ಹೆಂಗಸರೂ ಸೀರೆಯ ಮೇಲೆ ಗಂಡಸರ ಹಳೇ ಅಂಗಿ ತೊಟ್ಟು, ಕೊರಳಿನವರೆಗೆ ಗುಂಡಿ ಹಾಕಿಕೊಂಡು, ಮಣಿಕಟ್ಟು ಮುಚ್ಚುವ ತೋಳು ಬಿಟ್ಟುಕೊಂಡು ಕೆಲಸ ಮಾಡುತ್ತಿದ್ದರು. ನಮ್ಮ ಕಡೆ ಹೊಲಕ್ಕೆ ಇಳಿಯುವ ಹೆಂಗಸರೆಲ್ಲ ಹಾಗೆಯೇ. ಹುಡುಗಿ ಕಾಗದ ನೋಡಿದಳು, ಅವರನ್ನು ನೋಡಿದಳು, ಮತ್ತೆ ಕಾಗದ ನೋಡಿದಳು. ನಾನು ಅವರಲ್ಲಿ ಹಿರಿಯಳನ್ನು ಕರೆದು, ಅಂಗಿ ತೊಟ್ಟುಕೊಂಡು ಇಲ್ಲ ಅಂತ ಯಾಕೆ ಹೇಳಿದಿ ಎಂದು ಕೇಳಿದೆ.

"ಅಂಗಿ ನಂದಲ್ರಿ ಅಕ್ಕಾರ, ನಮ್ಮನಿಯವ್ರದು," ಎಂದಳು ಅವಳು, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಫೋನ್ ನನ್ನ ಬಟ್ಟಿ ಕೇಳತೈತಿ. ನಂದು ಸೀರಿ, ಕುಬಸ. ಕುಬಸಕ್ಕ ಗಿಡ್ಡ ತೋಳು. ಅಂಗಿ ಕೆಲಸದ್ದು, ಮನಿಗೆ ಹೋಗೂಮುಂದ ಬಿಚ್ಚಿ ಗೂಟಕ್ಕ ಹಾಕತೀನಿ."

ಅವಳ ಹಿಂದಿದ್ದವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಹೆಣ್ಮಕ್ಳು ಗಂಡಸರ ಅಂಗಿ ತೊಡತಾರ ಅಂತ ಫೋನಿನ್ಯಾಗ ಹೆಂಗ ಬರಿಯೂದ್ರಿ? ಯಾರರ ಓದಿದ್ರ?"

ಹುಡುಗಿಯೂ ನಕ್ಕಳು. ಎಲ್ಲರೂ ನಕ್ಕರು. ನನ್ನ ನಗು ಮಾತ್ರ ಅರ್ಧಕ್ಕೇ ನಿಂತಿತು. ಹನ್ನೊಂದು ಜನ ಸುಳ್ಳಾಡಿರಲಿಲ್ಲ, ಆ್ಯಪೂ ಸುಳ್ಳಾಡಿರಲಿಲ್ಲ. ಅವರು ತಿಳಿದದ್ದನ್ನು ಹೇಳಿದ್ದರು, ಇದು ಕೇಳಿದ್ದನ್ನು ಎಣಿಸಿತ್ತು. ಎದುರಿಗೆ ನಿಂತ ಮನುಷ್ಯರನ್ನು ನೋಡಲು ಇದಕ್ಕೆ ಕಣ್ಣಿಲ್ಲ. ಹಾಗಾದರೆ ನನ್ನ ಹುಣ್ಣಿಗೆ ಚಿಂತೆ ಬೇಡ ಎಂದದ್ದು ಯಾರಿಗೆ? ಐದನೇ ಬಣ್ಣದ ಯಾವುದೋ ಹೆಂಗಸಿಗೆ. ನನ್ನನ್ನು ಅದು ನೋಡಿಯೇ ಇರಲಿಲ್ಲ.

ಆ ಮಧ್ಯಾಹ್ನವೇ ವೈನಿಗೆ ತೋರಿಸಿದೆ. ಅವರು ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟು, ನನ್ನ ತಲೆಯನ್ನು ಬೆಳಕಿನ ಕಡೆ ತಿರುಗಿಸಿ ನೋಡಿದರು.

"ಯಾವಾಗಿಂದ ಐತಿ?"

"ದಸರಾದಾಗಿಂದ್ರಿ."

"ದಸರಾದಾಗಿಂದ ಇದ್ದದ್ದು ಈಗ ಹೇಳತಿ. ನಾ ಈ ಮನ್ಯಾಗ ಏನ್ ಬಾಡಿಗಿಗೆ ಅದೀನೇನ?" ಎಂದು ರೇಗಿದರು. ಕಣ್ಣಿನಲ್ಲಿ ನೀರು ತುಂಬಿತ್ತು, ಬಾಯಲ್ಲಿ ಬೈಗುಳ ನಿಲ್ಲಲಿಲ್ಲ. ಮರುದಿನ ಬೆಳಗಿನ ಮೊದಲ ಬಸ್ಸಿಗೇ ನನ್ನನ್ನು ಮಿರಜಿಗೆ ಹೊರಡಿಸಿಕೊಂಡು ಹೋದರು. ಕಟಾವಿನ ಭರಾಟೆ ಇದ್ದರೂ ಅವತ್ತು ಶೆಡ್ಡನ್ನು ಅಣ್ಣನೇ ನೋಡಿಕೊಂಡ.

ಮಿರಜಿನ ಡಾಕ್ಟರರು ಭೂತಗನ್ನಡಿ ಹಿಡಿದು ನೋಡಿದರು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಕಾಯಬೇಕಾಯಿತು. ಆ ಹತ್ತು ದಿನ ನಾನು ಶೆಡ್ಡಿನಲ್ಲಿ ಎಲ್ಲರ ಮೇಲೂ ಹರಿಹಾಯ್ದೆ, ಕಸ ಸರಿಯಾಗಿ ಗುಡಿಸಿಲ್ಲ, ನೆಟ್ ಬಿಗಿಯಾಗಿ ಕಟ್ಟಿಲ್ಲ ಎಂದು. ಹೆಂಗಸರು ಒಂದು ಮಾತೂ ತಿರುಗಿ ಆಡಲಿಲ್ಲ, ವೈನಿ ಅವರ ಕಿವಿಗೆ ಹಾಕಿದ್ದಾರೆಂದು ಅದರಿಂದಲೇ ಗೊತ್ತಾಯಿತು. ಹತ್ತನೇ ದಿನ ಕ್ಯಾನ್ಸರ್ ಎಂದೇ ಬಂತು. ಡಾಕ್ಟರರು ಕಾಗದವನ್ನು ಮೇಜಿನ ಮೇಲಿಟ್ಟು, "ಬರಂ ಝಾಲಂ, ಲೌಕರ್ ಆಲಾತ್," ಎಂದರು. ಬೇಗ ಬಂದಿರಿ, ಒಳ್ಳೆಯದಾಯಿತು ಎಂದು ಅವರು ಹೇಳಿದ ಆ ಮರಾಠಿ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮರುವಾರ ಸುತ್ತಲಿನ ಚರ್ಮ ಸಮೇತ ಅದನ್ನು ಕತ್ತರಿಸಿ ತೆಗೆದು ಏಳು ಹೊಲಿಗೆ ಹಾಕಿದರು. ತೆಗೆದದ್ದರ ಅಂಚೆಲ್ಲ ಶುದ್ಧವಿದೆ, ಒಳಗೆ ಏನೂ ಉಳಿದಿಲ್ಲ, ಆರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋದರೆ ಸಾಕು ಎಂದು ಎರಡನೇ ರಿಪೋರ್ಟ್ ಹೇಳಿತು. ಬಸ್ ಸ್ಟ್ಯಾಂಡಿನಲ್ಲಿ ವೈನಿ ನನಗೆ ಒಂದು ಗ್ಲಾಸು ಕಬ್ಬಿನ ಹಾಲು ಕುಡಿಸಿದರು. ಮನೆಯ ಸುತ್ತ ಕಬ್ಬು ಬೆಳೆಯುವವರು ಊರಾಚೆ ಹೋಗಿ ಕಬ್ಬಿನ ಹಾಲು ಕೊಂಡು ಕುಡಿದದ್ದು ಅದೇ ಮೊದಲು, ಮತ್ತು ಅಷ್ಟು ರುಚಿ ಯಾವ ಹಾಲೂ ಹತ್ತಿಲ್ಲ.

ಇಷ್ಟಾದ ಮೇಲೆ ನಾನು ಸುಮ್ಮನಿರುತ್ತೇನೆಯೇ. ಯುಗಾದಿ ಮುಗಿದ ಮೇಲೆ ಚಿಕ್ಕೋಡಿಯಲ್ಲಿ ಆ್ಯಪ್ ಬಳಸಿದವರನ್ನೆಲ್ಲ ಕರೆದು ಒಂದು ಸಭೆ ಮಾಡಿದರು. ಐದು ನಕ್ಷತ್ರಗಳಲ್ಲಿ ಎಷ್ಟು ಕೊಡುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಊಟ ಹಾಕಿದವರ ಮೇಲಿನ ದಾಕ್ಷಿಣ್ಯಕ್ಕೆ ಎಲ್ಲರೂ ಐದಕ್ಕೆ ಐದು ಕೊಟ್ಟರು. ನನ್ನ ಸರದಿ ಬಂದಾಗ ಎದ್ದು ನಿಂತೆ.

"ಮೊದಲ ನನ್ನ ನೋಡ್ರಿ, ಆಮ್ಯಾಲೆ ನಿಮ್ಮ ಆ್ಯಪ್ ನೋಡೂಣು," ಎಂದು ತಲೆಯ ವಸ್ತ್ರ ತೆಗೆದು ಹೊಲಿಗೆಯ ಗುರುತು ತೋರಿಸಿದೆ. "ಈ ಹುಣ್ಣಿಗೆ ನಿಮ್ಮ ಆ್ಯಪ್ ಚಿಂತಿ ಬ್ಯಾಡ ಅಂದಿತ್ರಿ. ಇದು ಕ್ಯಾನ್ಸರ್ ಇತ್ತು."

ಮುಂದೆ ಕೂತಿದ್ದ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಮೃದುವಾಗಿಯೇ ಹೇಳಿದರು, "ಮೇಡಂ, ತಪ್ಪಾಗಿದೆ. ಆದರೆ ನಿಮ್ಮಂಥವರು ಬಹಳ ಕಡಿಮೆ. ಎಲ್ಲರಿಗೂ ಒಂದೊಂದು ಪ್ರಶ್ನೆ ಸೇರಿಸುತ್ತ ಹೋದರೆ ಜನ ಆ್ಯಪನ್ನೇ ಬಿಟ್ಟುಬಿಡುತ್ತಾರೆ."

"ಕಡಿಮಿ ಅಂತ ಹೆಂಗ ಗೊತ್ತಾತ್ರಿ ನಿಮಗ? ಕೇಳಿದ್ರ ಅಲ್ಲೇನ್ರಿ ಎಷ್ಟ್ ಮಂದಿ ಅದೀವಿ ಅಂತ ತಿಳಿಯೂದು? ನಿಮ್ಮ ಫೋನಿನ್ಯಾಗ ನಾವೆಲ್ಲಾ ಐದನೇ ಬಣ್ಣ ಆಗಿ ಕುಂತೀವಿ."

ಆಗ ಹಿಂದಿನ ಸಾಲಿನಿಂದ ನಮ್ಮ ಹುಡುಗಿ ಎದ್ದಳು. ವಹಿ ತೆರೆದು ನಾನು ಬರೆಸಿದ್ದನ್ನೆಲ್ಲ ಓದಿದಳು. ದೊಡ್ಡ ಅಕ್ಷರದಲ್ಲಿ ಬರೆದ ಮೊದಲ ದಿನದ ಸಾಲು, ಗಂಡಸರ ಅಂಗಿ, ದ್ರಾಕ್ಷಿಯ ಪುಡಿ, ಹಳದಿ ಅಕ್ಷರ, ಒಂದನ್ನೂ ಬಿಡಲಿಲ್ಲ. ಹಸಿರು ಎಲೆ ನೋಡಿ ತಾನೂ ಮೋಸ ಹೋದೆ ಎಂಬುದನ್ನೂ ಸೇರಿಸಿದಳು. ಅವಳ ಮೇಲೆ ನನಗೆ ಅವತ್ತು ಹುಟ್ಟಿದ ಪ್ರೀತಿ ಇನ್ನೂ ಇದೆ. ಶಿರಗುಪ್ಪಿಯ ಕಬ್ಬಿನವರೂ ಅಂಗಿಯ ಮಾತು ನಮ್ಮದೂ ಹೌದು ಎಂದರು. ದಾಕ್ಷಿಣ್ಯ ಒಮ್ಮೆ ಒಡೆದ ಮೇಲೆ ತಲೆಗೊಂದು ತಕರಾರು ಹೊರಬಿತ್ತು. ಮುಖ್ಯಸ್ಥರು ಕಡೆಗೆ ತಾವೇ ಪೆನ್ನು ಹಿಡಿದು ಬರೆದುಕೊಳ್ಳತೊಡಗಿದರು. ನಾನು ಎರಡು ನಕ್ಷತ್ರ ಕೊಟ್ಟು ಕೂತೆ.

ಮಳೆಗಾಲದಲ್ಲಿ ಹೊಸ ಆ್ಯಪ್ ಬಂತು. ಅಕ್ಷರಗಳು ಕಪ್ಪಾಗಿದ್ದವು. ಬಟ್ಟೆಯ ಪ್ರಶ್ನೆಯ ಜಾಗದಲ್ಲಿ ಸೀರೆಯ ಮೇಲೆ ಅಂಗಿ ತೊಟ್ಟ ಹೆಂಗಸಿನ ಚಿತ್ರವಿತ್ತು, ಯಾರ ಅಂಗಿಯಾದರೂ ಸರಿ ಎಂದು ಕೆಳಗೆ ಬರೆದಿತ್ತು. ಬಣ್ಣವನ್ನು ಮುಂಚೆಯೇ ಯಾರೂ ಆರಿಸಿಟ್ಟಿರಲಿಲ್ಲ. ಎಲ್ಲಕ್ಕಿಂತ ಮೊದಲ ಪ್ರಶ್ನೆ, "ಹುಟ್ಟಿದಾಗಿನಿಂದ ನಿಮ್ಮ ಮೈ, ಕೂದಲು ಬಿಳಿಯೇ?" ಹೌದು ಎಂದು ಒತ್ತಿದೆ. ಹಸಿರು ಎಲೆ ಬರಲಿಲ್ಲ. ಬಿಸಿಲಿನಿಂದ ನಿಮಗೆ ಅಪಾಯ ಬಹಳ, ಮಾಯದ ಯಾವ ಹುಣ್ಣಿದ್ದರೂ ಫೋಟೋಗೆ ಕಾಯದೆ ಡಾಕ್ಟರರ ಹತ್ತಿರ ಹೋಗಿ ಎಂದು ಕೆಂಪಗೆ ಬರೆಯಿತು. ಅಪಾಯ ಎಂದು ಓದಿ ಅಷ್ಟು ಖುಷಿಪಟ್ಟವಳು ನಾನೊಬ್ಬಳೇ ಇರಬೇಕು. ನಾಲ್ಕು ನಕ್ಷತ್ರ ಕೊಟ್ಟೆ. ಪೂರ್ತಿ ಐದು ಕೊಟ್ಟರೆ ತಲೆಗೇರುತ್ತದೆಂದು ಒಂದನ್ನು ಇಟ್ಟುಕೊಂಡೆ.

ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಹುಡುಗಿ ಒಬ್ಬ ಬಾಣಂತಿಯನ್ನು ಕರೆದುಕೊಂಡು ಬಂದಳು. ರಾಯಬಾಗದ ಕಡೆಯ ಕುರಿಗಾರರ ಮನೆಯವಳು, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬಹುದು. ಅವರ ಊರಿನ ಆಶಾ ಕಾರ್ಯಕರ್ತೆಯ ಫೋನಿನಲ್ಲಿ ಆ ಮೊದಲ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದಿತ್ತು. ಬಾಣಂತಿಯ ಮಡಿಲಲ್ಲಿ ಮುಖದವರೆಗೆ ಸೆರಗು ಹೊದಿಸಿದ ನಾಲ್ಕು ತಿಂಗಳ ಹೆಣ್ಣುಕೂಸು. ನೆಟ್ಟಿನ ನೆರಳಿಗೆ ಕರೆದು ಕೂರಿಸಿ, ನಾನೇ ಸೆರಗು ಸರಿಸಿದೆ. ಬಿಳಿ ಕೂದಲು, ಬಿಳಿ ರೆಪ್ಪೆ. ನನ್ನ ಮುಖವನ್ನೇ ಅಷ್ಟು ಚಿಕ್ಕದಾಗಿ ಕಂಡಂತಾಯಿತು.

ತುಂಬು ತೋಳಿನ ಅಂಗಿ, ಅಗಲ ಅಂಚಿನ ಟೊಪ್ಪಿ, ಶಾಲೆಯಲ್ಲಿ ಮುಂದಿನ ಬೆಂಚು, ಕಣ್ಣಿಗೆ ಚಷ್ಮಾ, ಬೆನ್ನು ಕಿವಿ ಎಲ್ಲ ತಿಂಗಳಿಗೊಮ್ಮೆ ನೋಡಬೇಕು ಎಂದು ಒಂದೊಂದಾಗಿ ಹೇಳಿದೆ. ಅವಳು ತಲೆಯಾಡಿಸುತ್ತಿದ್ದಳೇ ಹೊರತು ಯಾವುದೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಕಡೆಗೆ ನೆಲ ನೋಡುತ್ತ ಕೇಳಿದಳು.

"ಇಂಥಾ ಕೂಸು ಹತ್ತು ವರ್ಷದ ಮ್ಯಾಲ ಉಳಿಯೂದಿಲ್ಲ ಅಂತಾರ್ರಿ ಮನ್ಯಾಗ. ಖರೇನ್ರಿ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅದನ್ನು ಅವಳ ಮೇಲೆ ತೋರಿಸಬಾರದೆಂದು ನುಂಗಿಕೊಂಡೆ. ತಲೆಯ ವಸ್ತ್ರ ತೆಗೆದು, ಅವಳ ಬೆರಳು ಹಿಡಿದು ಕಿವಿಯ ಕೆಳಗಿನ ಗೆರೆಯ ಮೇಲೆ ಇಟ್ಟೆ. "ಇಲ್ಲಿ ಕ್ಯಾನ್ಸರ್ ಇತ್ತು, ತಗಸೀನಿ. ನನಗ ಈಗ ನಲವತ್ತೆಂಟು," ಎಂದೆ.

ಅವಳು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು, ಚಹಾ ತಂದ ವೈನಿಯ ಮುಖ ನೋಡಿದಳು.

"ಸುಳ್ಳ ಹೇಳತಾಳ," ಎಂದರು ವೈನಿ, ಬಸಿ ಕೆಳಗಿಡುತ್ತ. "ನಲವತ್ತೆಂಟು ಅಂತ ನಾಕ್ ವರ್ಷದಿಂದ ಹೇಳಾಕತ್ತಾಳ. ಐವತ್ತೆರಡು ಅಕಿಗೆ."

ಬಾಣಂತಿ ಕೂಸನ್ನು ತೋಳಿನಲ್ಲಿ ಎತ್ತಿ ಹಿಡಿದು, ಒಮ್ಮೆ ಅದರ ಮುಖ, ಒಮ್ಮೆ ನನ್ನ ಮುಖ ನೋಡಿದಳು. "ಐವತ್ತೆರಡು," ಎಂದು ಕೂಸಿಗೆ ಹೇಳಿದಳು.